ಎನ್ಸೀಲಿಯಾ ಅಂತೂ ಬೆಳ್ಳಗಾಯ್ತು!

ಬಿತ್ತಿದ್ದು, ಮೊಳಕೆ ಬಂದಿದ್ದು, ಕುಂಡ ಬದಲಿಸಿದ್ದು ಎಲ್ಲ ಹಿಂದೆಯೇ ಬರೆದಿದ್ದೇನೆ. ಸುದ್ದಿ ಇಷ್ಟು: ಕಾರವಾರದ ನಮ್ಮ ತಾರಸಿಯಲ್ಲಿ ಎನ್ಸೀಲಿಯಾ ಫರಿನೋಸಾ ಅನ್ನುವ ಮರುಭೂಮಿ ಗಿಡ ಕೊನೆಗೂ ಬಿಳಿ ಎಲೆ ಬಿಟ್ಟಿದೆ.

ಮಳೆಗಾಲವಿಡೀ ಗಿಡ ಬದುಕಿತ್ತು, ಆದರೆ ಹಸಿರಾಗಿ. ಬಂದವರೆಲ್ಲ ಬದನೆ ಸಸಿಯಾ ಅಂತ ಕೇಳೋರು. ಅಮೆರಿಕ, ಮೆಕ್ಸಿಕೋ ಕಡೆಯ ಸೊನೋರಾ, ಮೊಹಾವಿ ಮರುಭೂಮಿಯ ಕಲ್ಲು ಇಳಿಜಾರಿನಲ್ಲಿ ಇದು ಬೂದುಬಿಳಿ ಪೊದೆ. ಅಲ್ಲಿನ ಫೀನಿಕ್ಸ್ ನಗರದ ಕಡೆ ವರ್ಷವಿಡೀ ಬೀಳುವುದು ಸುಮಾರು 200 ಮಿಲಿಮೀಟರ್ ಮಳೆ. ನಮ್ಮಲ್ಲಿ ಜೋರು ಹಿಡಿದರೆ ಅಷ್ಟು ಒಂದೇ ದಿನಕ್ಕೆ ಸುರಿಯುತ್ತದೆ. ಫೈಬರ್ ಶೀಟ್ ಹಾಕಿ ನೀರು ತಪ್ಪಿಸಬಹುದು, ಗಾಳಿಯ ತೇವ?

ಗುಟ್ಟೆಲ್ಲ ಎಲೆಯ ರೋಮದಲ್ಲಿದೆ. ನೀರು ಸಾಕಷ್ಟಿದ್ದಾಗ ಹುಟ್ಟುವ ಎಲೆ ದೊಡ್ಡದು, ಹಸಿರು, ರೋಮ ಕಡಿಮೆ. ಬಾಯಾರಿದಾಗ ಹುಟ್ಟುವುದು ಸಣ್ಣದು, ಮೈತುಂಬ ರೋಮ. ಬಿಸಿಲನ್ನು ಹಿಂದಕ್ಕೆ ತಳ್ಳಿ ಎಲೆಯನ್ನು ತಂಪಾಗಿಡುವುದು ಅದೇ. ಹಳೇ ಎಲೆ ಆಮೇಲೆ ಬೆಳ್ಳಗಾಗುವುದಿಲ್ಲ, ಉದುರಿಯೇ ಹೋಗಬೇಕು. ಅದಕ್ಕೇ ಮಳೆ ಪೂರ್ತಿ ನಿಂತ ಮೇಲೆ ಕುಂಡವನ್ನು ಬಿಸಿಲಿಗಿಟ್ಟು ನೀರು ನಿಲ್ಲಿಸಿದೆ. ಕೆಳಗಿನ ಎಲೆ ಉದುರತೊಡಗಿದ್ದೇ ಅಮ್ಮ ಚೊಂಬು ಹಿಡಿದು ಬಂದರು. "ಪಾಪ, ಸಾಯ್ತಾ ಇದೆಯಲ್ಲೋ!" ಚೊಂಬು ಕಸಿದುಕೊಳ್ಳಬೇಕಾಯ್ತು.

ಈಗ ತುದಿಯ ಚಿಗುರು ಉಗುರಿಗಿಂತ ಸ್ವಲ್ಪ ದೊಡ್ಡದು. ಭೂತಗನ್ನಡಿಯಲ್ಲಿ ರೋಮ ಒತ್ತಾಗಿ ಕಾಣುತ್ತದೆ. ಮೆಲ್ಲಗೆ ಕೆರೆದರೆ ಅಡಿಯಲ್ಲಿ ಹಸಿರೇ!

ಇನ್ನು ಕುಂಡದ ಮಣ್ಣಿನ ಕಥೆ. ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲು) ಅಂತ ಆನ್‌ಲೈನಿನಲ್ಲಿ ತರಿಸಿದ್ದು ನೀರಿಗೆ ಹಾಕಿದ್ದೇ ಕರಗಿ ಕೆಸರಾಯ್ತು. ದುಡ್ಡು ವಾಪಸ್ ಕೇಳಿದರೆ "ಸರ್, ನ್ಯಾಚುರಲ್ ಪ್ರಾಡಕ್ಟ್" ಅಂತೆ. ಕೆಸರೂ ನ್ಯಾಚುರಲ್ಲೇ ಅಲ್ವಾ! ಕೊನೆಗೆ ಚಿರೆಕಲ್ಲಿನ ಚೂರು ಜರಡಿ ಹಿಡಿದು, ಧೂಳು ಚೆಲ್ಲಿ, ಸಣ್ಣ ಜಲ್ಲಿ ಬೆರೆಸಿದೆ. ತೆಂಗಿನ ನಾರಿನ ಪುಡಿಯನ್ನು ಮಾತ್ರ ಹತ್ತಿರಕ್ಕೂ ತರಬೇಡಿ, ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ.

ಹಾಂ, ಕಾಂಡ ಮುರಿದ ಕಡೆ ಅಂಟು ಒಸರಿದೆ. ಆ ಮರುಭೂಮಿ ಸೀಮೆಯ ಹಳೇ ಸ್ಪ್ಯಾನಿಷ್ ಮಿಷನ್ ಚರ್ಚುಗಳಲ್ಲಿ ಇದನ್ನೇ ಧೂಪಕ್ಕೆ ಹಾಕುತ್ತಿದ್ದರು. ಗಿಡ ದೊಡ್ಡದಾಗಲಿ, ಒಂದು ಚೂರು ಕೆಂಡಕ್ಕೆ ಹಾಕಿ ನೋಡೋಣ.

ಮುಂದಿನ ಸಲ ಲೌನಿಯಾ. ಇದೇ ಸೂರ್ಯಕಾಂತಿ ಕುಟುಂಬದ್ದು, ಹಳದಿ ಹೂ, ನಮ್ಮ ಸಮುದ್ರದಂಡೆಯ ಮರಳಲ್ಲೇ ಹಬ್ಬುತ್ತದೆ. ಬೀಜಕ್ಕೆ ದುಡ್ಡಿಲ್ಲ, ಕೊರಿಯರ್ ರಗಳೆಯೂ ಇಲ್ಲ.

ಶಿರಸಿ ಕಡೆ ಯಾರಾದರೂ ಎನ್ಸೀಲಿಯಾವನ್ನು ಮಳೆಗಾಲದಲ್ಲೂ ಬಿಳಿಯಾಗೇ ಉಳಿಸಿಕೊಂಡಿದ್ದರೆ ಹೇಗೆ ಅಂತ ಹೇಳಿ. ಜೂನ್‌ಗೆ ಮುಂಚೆ ಶೀಟ್ ಎತ್ತರಿಸಬೇಕೋ, ಫ್ಯಾನ್ ಹಾಕಬೇಕೋ ತೀರ್ಮಾನ ಆಗಬೇಕು.