ಸುಂಡಿಲಿಯ ಶ್ವಾಸಕೋಶ, ದೊಡ್ಡಮ್ಮನ ಅಂಗಾಲು

ಮೊನ್ನೆ ದೊಡ್ಡಮ್ಮನ ಮಗ ವಾಟ್ಸಾಪಿನಲ್ಲಿ ಒಂದು ಸುದ್ದಿ ಕಳಿಸಿದ. ಅರಿಶಿನ ಚರ್ಮದ ಕ್ಯಾನ್ಸರ್ ಹರಡದಂತೆ ತಡೆಯುತ್ತದಂತೆ. "ಅಮ್ಮನಿಗೆ ಕ್ಯಾಪ್ಸೂಲ್ ತಂದಿದ್ದೀನಿ, ಕೊಡಬಹುದಾ ಅಕ್ಕಾ?" ಅಂತ ಕೇಳಿದ್ದ. ದೊಡ್ಡಮ್ಮನ ಅಂಗಾಲಿನ ಮೆಲನೋಮಾಕ್ಕೆ, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ, ಆಪರೇಷನ್ ಆಗಿ ಎರಡು ತಿಂಗಳೂ ಆಗಿಲ್ಲ.

ಸುದ್ದಿ ಪೂರ್ತಿ ಸುಳ್ಳಲ್ಲ. ತ್ರಿಶೂರಿನ ಅಮಲ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು 1995ರಲ್ಲೇ ಪ್ರಕಟಿಸಿದ್ದರು. ಮೆಲನೋಮಾ ಕೋಶ ಚುಚ್ಚಿ, ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನು ಬಾಯಿ ಮೂಲಕ ಕೊಟ್ಟ ಸುಂಡಿಲಿಗಳ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಂಟುಗಳು ಸುಮಾರು ಶೇ. 80ರಷ್ಟು ಕಡಿಮೆಯಾಗಿದ್ದವು. ನಾನೂ ಇಂಥದ್ದೇ ಪ್ರಯೋಗದಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ, ಬೇರೊಂದು ಗಿಡದ ಸಾರ ಇಟ್ಟುಕೊಂಡು.

ನಮ್ಮ ಸುಂಡಿಲಿಗಳು ಸಿ57 ಬ್ಲ್ಯಾಕ್ 6 ಅನ್ನುವ ಕಪ್ಪು ತಳಿ. ಚುಚ್ಚುತ್ತಿದ್ದದ್ದು ಬಿ16ಎಫ್10 ಅನ್ನುವ ಇಲಿಯ ಮೆಲನೋಮಾ ಕೋಶ. ಐಸಾಯಾ ಫಿಡ್ಲರ್ ಅನ್ನುವ ವಿಜ್ಞಾನಿ ಶ್ವಾಸಕೋಶದ ಗಂಟಿನಿಂದ ಕೋಶ ತೆಗೆದು, ಮತ್ತೆ ಇನ್ನೊಂದು ಇಲಿಗೆ ಚುಚ್ಚಿ, ಹೀಗೆ 10 ಸುತ್ತು ಆರಿಸಿದ ಕೋಶಗಳಿವು. ಹರಡುವುದರಲ್ಲಿ ಪಳಗಿದವು. ಬಾಲವನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿದರೆ ರಕ್ತನಾಳ ಉಬ್ಬುತ್ತದೆ, ಸೂಜಿ ಅಲ್ಲಿಗೆ. ಮೂರು ವಾರ ಬಿಟ್ಟು ನೋಡಿದರೆ ಶ್ವಾಸಕೋಶದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಒಂದೊಂದೇ ಹಾಲೆಯನ್ನು ಚಿಮಟದಲ್ಲಿ ತಿರುಗಿಸುತ್ತಾ ಎಣಿಸುತ್ತಿದ್ದೆ. ಯಾವ ಇಲಿಗೆ ಔಷಧಿ ಕೊಟ್ಟಿದೆ ಅಂತ ಎಣಿಸುವವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ಆಸೆಯ ಕಡೆಗೇ ವಾಲುತ್ತದೆ. ಔಷಧಿ ಸಿಗದವುಗಳಲ್ಲಿ ಕೆಲವಕ್ಕೆ ಎಣಿಸಲಾಗದಷ್ಟು ಚುಕ್ಕಿ. ಆ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲ.

ಆದರೆ ಕೋಶ ಒಳಹೋದ ಗಂಟೆ ನಮಗೆ ಗೊತ್ತಿತ್ತು ಅಲ್ವಾ? ಔಷಧಿ ಅವತ್ತೇ ಶುರು. ದೊಡ್ಡಮ್ಮ ಅಂಗಾಲಿನ ಕಪ್ಪು ಮಚ್ಚೆಯನ್ನು ಆಣಿ ಅಂದುಕೊಂಡು ಒಂದು ವರ್ಷ ಸುಮ್ನೆ ಇದ್ದರು. ಅದು ಶುರುವಾದ ದಿನ ಯಾವುದು ಅಂತ ಯಾರು ಹೇಳುತ್ತಾರೆ?

ಇನ್ನೊಂದು ಮಾತು. ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಅದರ ಜೊತೆ ಕಾಳುಮೆಣಸಿನ ಪೈಪರಿನ್ ಕೊಟ್ಟು ನೋಡಿದರು. ಮೈಗೆ ಹತ್ತುವುದು ದೊಡ್ಡ ಜಾತಿಯ ಇಲಿಗಳಲ್ಲಿ ಶೇ. 154 ಹೆಚ್ಚಿತು, ಮನುಷ್ಯರಲ್ಲಿ ಶೇ. 2000! ಇಲಿಯ ಲೆಕ್ಕವನ್ನು ಹಾಗೇ ದೊಡ್ಡಮ್ಮನಿಗೆ ಹೇಗೆ ಹಚ್ಚಲಿ? ಪೈಪರಿನ್ ಬೇರೆ ಮಾತ್ರೆಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಅವನು ತಂದ ಡಬ್ಬಿಯಲ್ಲಿ ಅದೂ ಇದೆ.

ಸಾರಿಗೆ ಅರಿಶಿನ ಎಂದಿನಂತೆ ಹಾಕು, ಡಬ್ಬಿ ಮಾತ್ರ ಒಡೆಯಬೇಡ ಅಂದೆ. ಸೋಮವಾರ ತಪಾಸಣೆ ಇದೆ. ಡಬ್ಬಿಯನ್ನು ಡಾಕ್ಟರಿಗೆ ತೋರಿಸೋಣ, ನಾನೂ ಬರ್ತೀನಿ ಅಂತ ಹೇಳಿದ್ದೇನೆ.