ಜಾಮ್ ಆದ ಪಿಸ್ತೂಲು, ಇಬ್ಬರು ಸ್ಪಾನ್ಸರ್‌ಗಳು

ಪಿಸ್ತೂಲು ಜಾಮ್ ಆಗಿದ್ದು ನಾಲ್ಕೇ ಸೆಕೆಂಡು. ಅದರ ಮೇಲಿನ ಮಾತುಕತೆ ಮಾತ್ರ ಚಾನೆಲ್‌ಗೆ ಮಾಸ್ಟರ್, ಅಂದರೆ ಅಂತಿಮ ಕಾಪಿ, ಡೆಲಿವರಿ ಆಗುವ ತನಕ ಮುಗಿಯಲಿಲ್ಲ.

ಆಗ ನಾನು ಅಮೆರಿಕದ ಡೆನ್ವರ್‌ನಲ್ಲಿ ಒಂದು ಸಣ್ಣ ಪ್ರೊಡಕ್ಷನ್ ಕಂಪನಿಯಲ್ಲಿ ಎಡಿಟರ್. ಬೇಟೆ, ಮೀನು ಹಿಡಿಯೋದು, ಶೂಟಿಂಗ್ ಅಂತ ಕೇಬಲ್ ಚಾನೆಲ್‌ಗಳಿಗೆ ಅರ್ಧ ಗಂಟೆಯ ಶೋ ಮಾಡುತ್ತಿದ್ದೆವು. ಅದರಲ್ಲಿ ಗನ್ ಶೋ ಎಡಿಟಿಂಗ್ ನನ್ನ ಪಾಲಿಗೆ ಬಂದಿದ್ದು ಊಟದ ಹೊತ್ತಿನ ಹರಟೆಯಿಂದ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲೂ ಒಂದು ಕೋವಿ ಇತ್ತು ಅಂದಿದ್ದೆ. ತೋಟಕ್ಕೆ ನುಗ್ಗುವ ಹಂದಿ ಓಡಿಸಲು ಇಟ್ಟ ಲೈಸೆನ್ಸ್ ಕೋವಿ. ಚುನಾವಣೆ ಬಂತೆಂದರೆ ಅಪ್ಪ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಇಷ್ಟು ಕೇಳಿದ್ದೇ ತಡ, ಆಫೀಸಿಗೆಲ್ಲ ನಾನೇ ಗನ್ ಎಕ್ಸ್‌ಪರ್ಟ್.

ಈ ಶೋಗಳ ಲೆಕ್ಕಾಚಾರವೇ ಬೇರೆ. ಮಾಮೂಲಿ ಟೀವಿಯಲ್ಲಿ ಚಾನೆಲ್ ದುಡ್ಡು ಕೊಟ್ಟು ಕಾರ್ಯಕ್ರಮ ಮಾಡಿಸುತ್ತದೆ. ಇಲ್ಲಿ ಎಷ್ಟೋ ಶೋಗಳದ್ದು ಉಲ್ಟಾ. ಪ್ರೊಡ್ಯೂಸರೇ ಚಾನೆಲ್‌ಗೆ ದುಡ್ಡು ಕಟ್ಟಿ ಸ್ಲಾಟ್ ಕೊಳ್ಳಬೇಕು. ಆ ದುಡ್ಡು ಬರೋದು ಗನ್ ಕಂಪನಿ, ಗುಂಡಿನ ಕಂಪನಿ, ಸ್ಕೋಪ್ ಕಂಪನಿಗಳಿಂದ. ಪ್ರತಿ ಜನವರಿ ಲಾಸ್ ವೇಗಸ್‌ನಲ್ಲಿ ಶಾಟ್ ಶೋ ಅನ್ನೋ ಬೃಹತ್ ಮೇಳ ನಡೆಯುತ್ತದೆ. ನಮ್ಮ ಪ್ರೊಡ್ಯೂಸರ್ ಅಲ್ಲಿ ಬೂತಿಂದ ಬೂತಿಗೆ ಅಲೆದು ಮುಂದಿನ ಸೀಸನ್ನಿನ ದುಡ್ಡು ಹೊಂದಿಸಿಕೊಂಡು ಬರುತ್ತಿದ್ದ. ಗನ್ ಕಂಪನಿಗಳಿಗೂ ಜಾಹೀರಾತಿಗೆ ಜಾಸ್ತಿ ಜಾಗ ಇಲ್ಲ. ಗೂಗಲ್ ಬಂದೂಕಿನ ಜಾಹೀರಾತು ತಗೊಳ್ಳಲ್ಲ. 2013ರ ಕೊನೆಗೆ ಡೇನಿಯಲ್ ಡಿಫೆನ್ಸ್ ಅನ್ನೋ ಗನ್ ಕಂಪನಿಯ ಜಾಹೀರಾತು ಸೂಪರ್ ಬೌಲ್ ಫೈನಲ್ ಪಂದ್ಯಕ್ಕೆ ಬೇಡ ಅಂತ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ವಾಪಸ್ ಕಳಿಸಿತ್ತು. ಹಾಗಾಗಿ ಸಿಕ್ಕ ಜಾಗದ ಮೇಲೆ ಅವರ ಹಿಡಿತ ಬಲು ಬಿಗಿ.

ಆ ಎಪಿಸೋಡಿನಲ್ಲಿ ಹೊಸ 9 ಎಂಎಂ ಪಿಸ್ತೂಲಿನ ಪರಿಚಯ. ಹೋಸ್ಟ್ ಸ್ಟೀಲ್ ಪ್ಲೇಟುಗಳಿಗೆ ಗುರಿಯಿಟ್ಟು ಹೊಡೀತಾ ಇದ್ದ. ನಡುವೆ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೇಸ್ ಒಂದು ಹೊರಗೆ ಹಾರದೆ, ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡಿನಲ್ಲೇ ಸಿಕ್ಕಿಕೊಂಡು, ಅಡುಗೆಮನೆ ಹೊಗೆ ಕೊಳವೆ ಥರ ನೆಟ್ಟಗೆ ನಿಂತಿತು. ಈ ಥರದ ಜಾಮ್‌ಗೆ ಹೆಸರೇ ಸ್ಟವ್‌ಪೈಪ್. ಹೋಸ್ಟ್ ಮಾತು ನಿಲ್ಲಿಸಲೇ ಇಲ್ಲ. ಮ್ಯಾಗಜೀನ್ ಬುಡಕ್ಕೆ ಅಂಗೈಯಿಂದ ಒಂದು ಏಟು, ಸ್ಲೈಡ್ ಹಿಂದಕ್ಕೆ ಎಳೆದ, ಮತ್ತೆ ಹೊಡೆದ. ಠಣ್ ಅಂತ ಪ್ಲೇಟ್ ಬಿತ್ತು. ಎರಡನೇ ಕ್ಯಾಮೆರಾದಲ್ಲಿ ಇಷ್ಟೂ ಕ್ಲೋಸಪ್ಪಿನಲ್ಲಿ ಸಿಕ್ಕಿತ್ತು. ಅಷ್ಟು ಫುಟೇಜಿನಲ್ಲಿ ಜೀವ ಇದ್ದ ತುಣುಕು ಅದೊಂದೇ. ಸ್ಲೋ ಮೋಷನ್ ಹಾಕಿ ರಫ್ ಕಟ್‌ನಲ್ಲಿ, ಅಂದರೆ ಎಡಿಟಿಂಗ್‌ನ ಮೊದಲ ಕರಡಿನಲ್ಲಿ, ಇಟ್ಟೆ. ಲಿಂಕ್ ಸ್ಪಾನ್ಸರ್‌ಗಳಿಗೂ ಹೋಯಿತು.

ರಿವ್ಯೂ ಕಾಲ್‌ನಲ್ಲಿ ಗನ್ ಕಂಪನಿಯ ಮಾರ್ಕೆಟಿಂಗ್ ಮ್ಯಾನೇಜರ್, ಗುಂಡಿನ ಕಂಪನಿಯ ಮ್ಯಾನೇಜರ್ ಮೇಡಂ, ನಮ್ಮ ಪ್ರೊಡ್ಯೂಸರ್, ನಾನು. ಸ್ಕ್ರೀನ್ ಶೇರ್ ನನ್ನದು. ಆ ಜಾಗ ಬಂತು, ಹೋಯಿತು. ಯಾರೂ ಉಸಿರೆತ್ತಲಿಲ್ಲ. ಆಮೇಲೆ ಗನ್ ಕಂಪನಿಯವನು, "ಇನ್ನೊಂದ್ಸಲ ಹಾಕ್ತೀರಾ?" ಅಂದ.

ಇಷ್ಟ ಆಯ್ತು ಅಂದುಕೊಂಡೆ ನಾನು. ಹಾಕಿದೆ. "ಬೇಕಾದರೆ ಇನ್ನೂ ಸ್ಲೋ ಮಾಡಬಹುದು" ಅಂತ ಬೇರೆ ಅಂದೆ. ಪ್ರೊಡ್ಯೂಸರ್ ವಿಡಿಯೋ ಆಫ್ ಮಾಡಿಕೊಂಡ.

"ಇದು ಯಾವ ಲಾಟಿನ ಗುಂಡು?" ಅಂದ ಗನ್ನಿನವನು. "ಪಿಸ್ತೂಲು ಫ್ಯಾಕ್ಟರಿ ಪೀಸಾ, ಸ್ಯಾಂಪಲ್ಲಾ?" ಅಂದರು ಗುಂಡಿನವರು. ಗುಂಡಿನ ಲೋಡ್, ಅಂದರೆ ಒಳಗಿನ ಮದ್ದು, ಹಗುರ ಇರಬೇಕು ಅಂತ ಇವನು. ಸ್ಪ್ರಿಂಗ್ ಇನ್ನೂ ಪಳಗಿಲ್ಲ ಅಂತ ಅವರು. ನಾನು ಸ್ಪೇಸ್‌ಬಾರ್ ಮೇಲೆ ಬೆರಳಿಟ್ಟು ಕೂತಿದ್ದೆ. ಸ್ಕ್ರೀನ್ ಮೇಲೆ ಆ ಖಾಲಿ ಕೇಸ್ ನೆಟ್ಟಗೆ ನಿಂತೇ ಇತ್ತು. ಫ್ರೇಮ್ ಮುಂದೆ ಸರಿಸೋಣ ಅನ್ನೋದೂ ಹೊಳೆಯಲಿಲ್ಲ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವ ಅಪರಾಧಿ ಸಿಕ್ಕಿದ. ಹೋಸ್ಟ್‌ನ ಮಣಿಕಟ್ಟು ಸಡಿಲ ಆಗಿತ್ತಂತೆ! ಸ್ಪರ್ಧೆಗಳಲ್ಲಿ ಕಪ್ ಗೆದ್ದ ಮನುಷ್ಯ ಅವನು. ಪುಣ್ಯಕ್ಕೆ ಕಾಲ್‌ನಲ್ಲಿ ಇರಲಿಲ್ಲ.

ಆ ತುಣುಕು ತೆಗೀರಿ ಅಂತ ಒಬ್ಬರೂ ಹೇಳಲಿಲ್ಲ, ನೋಡಿ. "ನಿಮ್ಮ ಕ್ರಿಯೇಟಿವ್‌ಗೆ ನಾವು ಕೈ ಹಾಕಲ್ಲ. ಬೇರೆ ಟೇಕ್ ಇದೆಯಾ ಅಂತ ಕೇಳಿದೆ ಅಷ್ಟೇ" ಅಂದ ಗನ್ನಿನವನು, ನಗುತ್ತಲೇ. "ಇದೆ" ಅಂತ ಪ್ರೊಡ್ಯೂಸರ್‌ಗಿಂತ ಮೊದಲು ನಾನೇ ಬಾಯಿಬಿಟ್ಟೆ.

ಆಮೇಲೆ ಪ್ರೊಡ್ಯೂಸರ್ ಬೈಯಲಿಲ್ಲ. ಜಿಮ್ ಜುಂಬೋ ಕಥೆ ಹೇಳಿದ. ಈ ಫೀಲ್ಡಿನವರಿಗೆಲ್ಲ ಗೊತ್ತಿರುವ ಕಥೆ ಅದು. ದೊಡ್ಡ ಬೇಟೆ ಬರಹಗಾರ, ಸ್ವಂತ ಟೀವಿ ಶೋ ಇತ್ತು. ಸೇನೆಯ ರೈಫಲ್ ಥರ ಕಾಣುವ ಎಆರ್ ಮಾದರಿಯ ರೈಫಲ್ ಬೇಟೆಗೆ ಸಲ್ಲದು, ಅದು ಭಯೋತ್ಪಾದಕರ ರೈಫಲ್ ಅಂತ 2007ರ ಫೆಬ್ರವರಿಯಲ್ಲಿ ಇಂಟರ್‌ನೆಟ್‌ನಲ್ಲಿ ಬರೆದ. ಕೆಲವೇ ದಿನದಲ್ಲಿ ಅವನ ಸ್ಪಾನ್ಸರ್ ಆಗಿದ್ದ ಗನ್ ಕಂಪನಿ ರೆಮಿಂಗ್ಟನ್ ಕೈಬಿಟ್ಟಿತು, ಶೋ ನಿಂತಿತು. ಬಂದೂಕಿನ ಬಗ್ಗೆ ಬರೆಯುತ್ತಿದ್ದ ಡಿಕ್ ಮೆಟ್‌ಕಾಫ್‌ಗೂ ಅದೇ ಗತಿ. 2013ರಲ್ಲಿ 'ಗನ್ಸ್ ಆ್ಯಂಡ್ ಆ್ಯಮೋ' ಪತ್ರಿಕೆಯಲ್ಲಿ, ಬಂದೂಕಿಗೂ ಒಂದಿಷ್ಟು ಕಟ್ಟುಪಾಡು ಇರಬಹುದು ಅಂತ ಅಂಕಣ ಬರೆದ. ಅಂಕಣವೂ ಹೋಯಿತು, ಟೀವಿ ಕಾರ್ಯಕ್ರಮವೂ ಹೋಯಿತು. ಅವರದ್ದಾದರೂ ಅಭಿಪ್ರಾಯ. ನಮ್ಮದು ಬರೀ ಜಾಮ್ ಆದ ಪಿಸ್ತೂಲು, ಅಲ್ವಾ? ಆದರೆ ಒಬ್ಬನಿಗೆ ಬಿದ್ದ ಏಟು ನೋಡಿ ಮಿಕ್ಕವರ ಕೈ ತಾನಾಗಿ ಕತ್ತರಿ ಹುಡುಕುತ್ತದೆ. ಶೋ ಶುರುವಿನಲ್ಲಿ ಪ್ರಾಯೋಜಕರ ಹೆಸರೆಲ್ಲ ತೋರಿಸುತ್ತೇವೆ. ಏನನ್ನು ತೆಗೆದೆವು ಅಂತ ತೋರಿಸುವ ಟೈಟಲ್ ಕಾರ್ಡ್ ಮಾತ್ರ ಯಾವ ಟೆಂಪ್ಲೇಟಿನಲ್ಲೂ ಇಲ್ಲ.

ಹೊಸದಾಗಿ ಸೇರುವ ಎಡಿಟರ್‌ಗಳಿಗೆ ಹೇಳೋದಿಷ್ಟು: ಪ್ರೊಡ್ಯೂಸರ್ ಜೊತೆ ಕೂತು ನೋಡದ ಕಟ್ ಹೊರಗೆ ಕಳಿಸಬೇಡಿ. ತೆಗೆದದ್ದನ್ನು ಬೇರೆ ಬಿನ್‌ನಲ್ಲಿ, ಅಂದರೆ ಎಡಿಟಿಂಗ್ ಫೋಲ್ಡರಿನಲ್ಲಿ, ಇಟ್ಟುಕೊಳ್ಳಿ. ನನ್ನ ಆ ಬಿನ್ ಶೋಗಿಂತ ಚೆನ್ನಾಗಿತ್ತು.

ಜಾಮ್ ಬಿಡಿಸೋದು ನೋಡುವವರಿಗೆ ಉಪಯೋಗದ ವಿಷಯ ಅಂತ ಹೋಸ್ಟ್ ಪಟ್ಟು ಹಿಡಿದ. ಸರಿ, ಅದನ್ನೇ 'ಸೇಫ್ಟಿ ಟಿಪ್' ಅಂತ ಬೇರೆ ಶೂಟ್ ಮಾಡಿದೆವು. ಯಾರದ್ದೋ ಹಳೇ ಪಿಸ್ತೂಲು, ಡಮ್ಮಿ ಗುಂಡು, ಹೆಸರಿನ ಮೇಲೆ ಕಪ್ಪು ಟೇಪ್. ಗನ್ ಕಂಪನಿಯಿಂದ ಟೈಮ್‌ಕೋಡ್ ಸಮೇತ ಒಂದೇ ಕಾಮೆಂಟ್ ಬಂತು: ದೂರದಿಂದ ನಮ್ಮ ಮಾಡೆಲ್ ಥರಾನೇ ಕಾಣ್ತಿದೆ, ಬಣ್ಣ ಬದಲಾಯಿಸಬಹುದಾ? ಕಲರ್ ಗ್ರೇಡಿಂಗ್‌ನಲ್ಲಿ ಆ ಪಿಸ್ತೂಲನ್ನು ಕಂದು ಬಣ್ಣಕ್ಕೆ ತಿರುಗಿಸಿ ಕೊಟ್ಟೆ.