‘ಡೆಂಗ್ಯೂಗೆ ಔಷಧಿ ಸಿಕ್ತಾ?’

ವರ್ಷಕ್ಕೆ ಎರಡು ಸಲ ಶಿರಸಿಗೆ ಹೋಗುತ್ತೇನೆ. ಎರಡು ಸಲವೂ ಬಸ್ಸಿಳಿದು ಮನೆ ಮುಟ್ಟುವ ಮೊದಲೇ ಯಾರಾದರೊಬ್ಬರು ಕೇಳುತ್ತಾರೆ, “ಏನಾಯ್ತೋ, ಡೆಂಗ್ಯೂಗೆ ಔಷಧಿ ಸಿಕ್ತಾ?” ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ, ಸೊಳ್ಳೆಯಿಂದ ಹರಡುವ ವೈರಸ್‌ಗಳಿಗೆ ಔಷಧಿ ಹುಡುಕುವವರ ಗುಂಪಿನಲ್ಲಿ ನಾನೂ ಒಬ್ಬ. ಎಂಟು ವರ್ಷವಾಯಿತು. ಮೊದಮೊದಲು ಚೀಲ ಕೆಳಗಿಟ್ಟು ಉತ್ತರ ಕೊಡುತ್ತಿದ್ದೆ. ಈಗ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವವನು.

ನನಗೆ ಸಿಟ್ಟು ಬರುವುದು ಆ ‘ಸಿಕ್ತಾ’ ಮೇಲೆ. ಸಂಜೆ ಕೊಟ್ಟಿಗೆಗೆ ಬಾರದ ದನ ಸಿಕ್ತಾ ಅಂತ ಕೇಳುವ ದನಿ ಅದು. ದನ ಬೆಟ್ಟದಲ್ಲೇ ಎಲ್ಲೋ ಇದೆ, ಇವನು ಸರಿಯಾಗಿ ಹುಡುಕುತ್ತಿಲ್ಲ, ಅಷ್ಟೆ.

ಸಿಕ್ಕಿದೆ ಮಾರಾಯ್ರೇ. ಎಷ್ಟೋ ಸಲ ಸಿಕ್ಕಿದೆ. ತಟ್ಟೆಯಲ್ಲಿ.

ತಟ್ಟೆ ಅಂದರೆ ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ಗುಳಿಗಳಲ್ಲಿ ಜೀವಕೋಶ ಬೆಳೆಸುತ್ತೇವೆ. ವೈರಸ್ ಬಿಡುತ್ತೇವೆ. ಕೆಲವಕ್ಕೆ ಪರೀಕ್ಷೆಯ ರಾಸಾಯನಿಕವನ್ನೂ ಹಾಕುತ್ತೇವೆ. ಐದಾರು ದಿನ ಬಿಟ್ಟು ನೇರಳೆ ಬಣ್ಣ ಹಾಕಿ ತೊಳೆದರೆ, ಬದುಕಿರುವ ಜೀವಕೋಶ ಬಣ್ಣ ಹಿಡಿದು ನಿಲ್ಲುತ್ತದೆ. ವೈರಸ್ ಕೊಂದ ಜಾಗದಲ್ಲಿ ಬಿಳಿ ತೂತು, ಥೇಟ್ ನಮ್ಮ ತೆಳ್ಳೇವು ದೋಸೆಯ ತೂತಿನ ಹಾಗೆ. ಎಂಟು ವರ್ಷದಲ್ಲಿ ನಾನು ಜಾಸ್ತಿ ಮಾಡಿದ ಕೆಲಸ ಆ ತೂತು ಎಣಿಸುವುದು. ತೂತು ಕಡಿಮೆಯಾದರೆ ಅವತ್ತು ಎಲ್ಲರಿಗೂ ನನ್ನ ಖರ್ಚಲ್ಲಿ ಚಹಾ. ಎಷ್ಟೋ ಸಲ ತೂತೂ ಇರುವುದಿಲ್ಲ, ಬಣ್ಣವೂ ಇರುವುದಿಲ್ಲ. ವೈರಸ್ ಜೊತೆ ಜೀವಕೋಶವೂ ಹೋಗಿರುತ್ತದೆ. ಫಿನೈಲ್ ಹಾಕಿದರೂ ವೈರಸ್ ಸಾಯುತ್ತದೆ, ಕುಡಿಸೋಕಾಗುತ್ತಾ?

ಸಿದ್ದಾಪುರ ಕಡೆ ಒಂದು ಉಪನಯನದಲ್ಲಿ, ಪಂಕ್ತಿಯಲ್ಲಿ ಕೂತು ಇದನ್ನೇ ಹೇಳುತ್ತಿದ್ದೆ. ಆ ಜೀವಕೋಶಗಳು 1962ರಲ್ಲಿ ಜಪಾನಿನಲ್ಲಿ, ಆಫ್ರಿಕಾದ ಒಂದು ಮಂಗದ ಮೂತ್ರಪಿಂಡದಿಂದ ತೆಗೆದವು, ಇವತ್ತಿಗೂ ಬೆಳೆಯುತ್ತಲೇ ಇವೆ ಅಂದೆ. ತಪ್ಪಾಯಿತು. ಪಕ್ಕದ ಎಲೆಯವರಿಗೆ ಕೇಳಿಸಿದ್ದು ‘ಮಂಗ’ ಒಂದೇ. “ಹಾಗಾದ್ರೆ ನಿಂದು ಮಂಗನ ಕಾಯಿಲೆ ಡಿಪಾರ್ಟ್‌ಮೆಂಟು!” ಅಲ್ಲ, ಅದು ಉಣುಗಿನಿಂದ ಬರುವುದು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿದ್ದು, ಡೆಂಗ್ಯೂ ವೈರಸ್‌ಗೆ ದಾಯಾದಿ ಹೌದು, ಆದರೆ ನನ್ನ ಕೆಲಸ ಸೊಳ್ಳೆಯದು ಅಂದೆ. ಅಷ್ಟರಲ್ಲಿ ಎದುರು ಸಾಲಿನಿಂದ ತೀರ್ಪು ಬಂತು. “ಅದೆಲ್ಲ ಬೇಡ, ಪಪ್ಪಾಯಿ ಎಲೆ ರಸ ಕುಡಿದ್ರೆ ಮುಗೀತು.” ಇನ್ನೊಬ್ಬರು ಅಮೃತಬಳ್ಳಿ ಅಂದರು. ಮತ್ತೊಬ್ಬರು “ಕೋವಿಡ್‌ಗೆ ಒಂದೇ ವರ್ಷದಲ್ಲಿ ಬಂತಲ್ಲ, ನಿಮಗೇನು ಧಾಡಿ?” ಅಂದರು. ಹೋಳಿಗೆ ಮೇಲಿನ ತುಪ್ಪ ಹೆಪ್ಪುಗಟ್ಟಿತು.

ಕೋವಿಡ್‌ಗೆ ಕೊಟ್ಟ ರೆಮ್ಡೆಸಿವಿರ್ ಅದಕ್ಕೂ ಮೊದಲೇ ತಯಾರಾಗಿತ್ತು, ಎಬೋಲಾಗೂ ಕೊಟ್ಟು ನೋಡಿದ್ದರು. ಪಪ್ಪಾಯಿ ವಿಷಯ: ನೀವೆಲ್ಲ ರಕ್ತದ ಪ್ಲೇಟ್‌ಲೆಟ್ ಸಂಖ್ಯೆಯನ್ನು ಷೇರು ಪೇಟೆಯ ಹಾಗೆ ನೋಡುತ್ತೀರಿ, ಅದು ಏರಲಿ ಅಂತ ಎಲೆ ರಸ ಕುಡಿಸುತ್ತೀರಿ. ಡೆಂಗ್ಯೂನಲ್ಲಿ ದೊಡ್ಡ ಅಪಾಯ ರಕ್ತನಾಳದಿಂದ ನೀರಿನಂಶ ಸೋರುವುದು. ಅದನ್ನು ಎಲೆ ರಸ ತಡೆಯುವುದಿಲ್ಲ.

ನಿಜವಾದ ಕಷ್ಟ ಔಷಧಿ ಸಿಗುವುದರಲ್ಲಿಲ್ಲ, ದಿನದ ಲೆಕ್ಕದಲ್ಲಿದೆ. ಹೆಪಟೈಟಿಸ್ ಸಿ ವೈರಸ್ ಕೂಡ ಡೆಂಗ್ಯೂಗೆ ದೂರದ ನೆಂಟ. ಅದು ಯಕೃತ್ತಿನಲ್ಲಿ ವರ್ಷಗಟ್ಟಲೆ ಕೂರುತ್ತದೆ, ನಿಧಾನವಾಗಿ ಹೊಡೆಯಬಹುದು. 2013ರಲ್ಲಿ ಸೊಫೋಸ್ಬುವಿರ್ ಬಂದ ಮೇಲೆ ಎಷ್ಟೋ ಜನರಿಗೆ 12 ವಾರದ ಮಾತ್ರೆಯಲ್ಲೇ ಅದು ವಾಸಿಯಾಗುತ್ತಿದೆ. ಡೆಂಗ್ಯೂ ಹಾಗಲ್ಲ. ಜ್ವರದ ಮೊದಲ ಎರಡು ಮೂರು ದಿನ ರಕ್ತದ ತುಂಬ ವೈರಸ್. ಜ್ವರ ಬಿಡುವ ಹೊತ್ತಿಗೆ ಅದು ಹೆಚ್ಚುಕಡಿಮೆ ಜಾಗ ಖಾಲಿ ಮಾಡಿರುತ್ತದೆ. ಆಮೇಲಿನ ಅನಾಹುತದಲ್ಲಿ ನಮ್ಮ ದೇಹದ ಕೈವಾಡವೇ ಜಾಸ್ತಿ. ಐದನೇ ದಿನ ವೈರಸ್ ಕೊಲ್ಲುವ ಮಾತ್ರೆ ಕೊಡುವುದು, ಮಂಗ ತೋಟ ಬಿಟ್ಟು ಹೋದ ಮೇಲೆ ಕವಣೆ ಬೀಸಿದ ಹಾಗೆ.

ಬೇಗ ಕೊಟ್ಟರೂ ಗ್ಯಾರಂಟಿ ಇಲ್ಲ. ಹೆಪಟೈಟಿಸ್ ಸಿಗೆಂದು ಮಾಡಿದ ಬಲಪಿರಾವಿರ್ ಅನ್ನು ವಿಯೆಟ್ನಾಂನಲ್ಲಿ, ಜ್ವರ ಶುರುವಾಗಿ 48 ಗಂಟೆ ದಾಟದವರಿಗೆ ಕೊಟ್ಟು ನೋಡಿದರು. ವೈರಸ್ ಕ್ಯಾರೇ ಅನ್ನಲಿಲ್ಲ. ತಟ್ಟೆಯಲ್ಲಿ ಗೆದ್ದ ಔಷಧಿಯೇ ಅದು.

ದಿನದ ಲೆಕ್ಕ ನನಗೆ ಎಷ್ಟು ಚೆನ್ನಾಗಿ ಗೊತ್ತು ಅಂದರೆ, ನನಗೇ ಡೆಂಗ್ಯೂ ಬಂದಾಗ ನಾನು ರಕ್ತಪರೀಕ್ಷೆಗೆ ಹೋಗಿದ್ದು ನಾಲ್ಕನೇ ದಿನ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲೆಲ್ಲ ದೋಣಿಯ ಹಾಗೆ ನೀರು. ಒಂದನ್ನು ಬಗ್ಗಿ ನೋಡಿದೆ, ಸೊಳ್ಳೆಯ ಮರಿಹುಳುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಫೋಟೋ ತೆಗೆದುಕೊಂಡೆ. ಹಾಳೆ ಮಗುಚಲಿಲ್ಲ. ಜ್ವರ ಬಂದಾಗ ಮಳೆಯಲ್ಲಿ ನೆನೆದಿದ್ದಕ್ಕೆ ಅಂದುಕೊಂಡು ಕಷಾಯ ಕುಡಿದು ಮಲಗಿದೆ. ಐದನೇ ದಿನ ಜ್ವರ ಬಿಟ್ಟಿತು. ಗಂಜಿ, ಅಪ್ಪೆಮಿಡಿ ಬೇಕು ಅಂದೆ. ಸಂಜೆ ಹೊಟ್ಟೆನೋವು, ವಾಂತಿ. ಎರಡು ದಿನ ಡ್ರಿಪ್. ಜ್ವರ ಬಿಟ್ಟ ದಿನವೇ ಹುಷಾರಾಗಿರಿ ಅಂತ ಹೋದಲ್ಲೆಲ್ಲ ಭಾಷಣ ಮಾಡುತ್ತಿದ್ದವನು ನಾನು. ಊರಿಗೆಲ್ಲ ಗೊತ್ತಾಯಿತು, ಇವತ್ತಿಗೂ ನಗುತ್ತಾರೆ. ನಗಲಿ.

ಆದರೆ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಒಳ್ಳೆಯ ಮಾತ್ರೆ ಬಂತು ಅಂತಲೇ ಇಟ್ಟುಕೊಳ್ಳಿ. ನಮ್ಮ ಮನೆಗೆ ಅದು ಜ್ವರದ ಎಷ್ಟನೇ ದಿನ ತಲುಪುತ್ತದೆ? ಮೊದಲ ದಿನ ಕಾಯುತ್ತೇವೆ. ಎರಡನೇ ದಿನ ಕಷಾಯ. ಮೂರನೇ ದಿನ ಮಳೆ ಬಿಟ್ಟರೆ ಪೇಟೆಗೆ. ಪರೀಕ್ಷೆ, ವರದಿ, ಔಷಧಿ ಅಂಗಡಿ. ಅಷ್ಟರಲ್ಲಿ ವೈರಸ್ ಗಂಟುಮೂಟೆ ಕಟ್ಟಿರುತ್ತದೆ. ಪ್ರಯೋಗಾಲಯದಲ್ಲಿ ಕೂತ ನಾವೂ ಈ ಪ್ರಶ್ನೆ ಕೇಳುವುದು ಕಡಿಮೆಯೇ. ನಮ್ಮ ತಟ್ಟೆಯಲ್ಲಿ ವೈರಸ್ಸೂ ಔಷಧಿಯೂ ಒಂದೇ ದಿನ ಬೀಳುತ್ತವೆ.

ಬಹುಶಃ ಅದಕ್ಕೇ ಕೆಲವರು ಜ್ವರ ಬರುವ ಮೊದಲೇ ನುಂಗುವ ಮಾತ್ರೆಯ ಹಿಂದೆ ಬಿದ್ದರು. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಕೆಲಸದಿಂದ ಶುರುವಾದ ಮೊಸ್ನೋಡೆನ್ವಿರ್ ಅಂಥದ್ದು. ವೈರಸ್ ತನ್ನ ನಕಲು ಮಾಡಿಕೊಳ್ಳಲು ಎರಡು ಪ್ರೋಟೀನುಗಳು ಕೈ ಹಿಡಿಯಬೇಕು. ಇದು ಆ ಕೈ ಬಿಡಿಸುತ್ತದೆ. ಡೆಂಗ್ಯೂನ ನಾಲ್ಕೂ ಬಗೆಗೆ ತಟ್ಟೆಯಲ್ಲಿ ಕೆಲಸ ಮಾಡಿತು. ಮನುಷ್ಯರಿಗೆ ಕೊಟ್ಟು ಪರೀಕ್ಷೆಯೂ ನಡೆದಿತ್ತು. 2024ರ ಅಕ್ಟೋಬರ್‌ನಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಆ ಪ್ರಯೋಗ ನಿಲ್ಲಿಸಿತು. ಔಷಧಿಯಿಂದ ತೊಂದರೆಯಾಗಿ ಅಲ್ಲ, ಕಂಪನಿಯ ಆದ್ಯತೆ ಬದಲಾಯಿತು. ಆ ಸುದ್ದಿ ಓದಿದ ದಿನ ನಾನು ತೂತು ಎಣಿಸಲಿಲ್ಲ. ದನ ಸಿಕ್ಕಿತ್ತು, ಗೊತ್ತಾಯ್ತಾ? ಅರ್ಧ ದಾರಿಯಲ್ಲಿ ಹಗ್ಗ ಬಿಟ್ಟರು.

ಹೋದ ತಿಂಗಳು ಅತ್ತೆ ಫೋನ್ ಮಾಡಿದ್ದಳು. ಮಗನಿಗೆ ಜ್ವರ, ಡೆಂಗ್ಯೂ ಅಂತಲೇ ವರದಿ. “ಇವತ್ತಿಗೆ ಎರಡನೇ ದಿನ. ನಿನ್ನ ಭಾಷಣ ಕೇಳಿ ಬೇಗ ಕರ್ಕೊಂಡು ಹೋದೆ. ಈಗ ಏನು ಕೊಡ್ಬೇಕು ಹೇಳು.”

ಜ್ವರಕ್ಕೆ ಪ್ಯಾರಸಿಟಮಾಲ್ ಅಷ್ಟೇ, ಬೇರೆ ನೋವಿನ ಮಾತ್ರೆ ಬೇಡ, ಗಂಜಿ, ಎಳನೀರು ಕೊಡ್ತಾ ಇರು, ಜ್ವರ ಬಿಟ್ಟ ಮೇಲೆ ಹೊಟ್ಟೆನೋವು ಬಂದ್ರೆ ತಕ್ಷಣ ಆಸ್ಪತ್ರೆಗೆ ಅಂದೆ.

“ಇದನ್ನ ಇಲ್ಲಿನ ಡಾಕ್ಟರೂ ಹೇಳಿದ್ರು. ನಿಂದೇನು?”

ಸ್ವಲ್ಪ ಹೊತ್ತು ಸುಮ್ಮನಿದ್ದೆ. ತೋಟದ ಹಾಳೆ ಮಗುಚಿ ಹಾಕ್ಸು ಅಂದೆ.